ಫಯರ್ ಇಂಜಿನ್ ಸರಕಾರದ್ದು, ಅದು ಬರುವ ದಾರಿ ಪಂಚಾಯತಿನದ್ದು

ಪ್ರಶ್ನೆ: ನಾನು ಮಂಜೇಶ್ವರ ತಾಲೂಕಿನ ಕೃಷಿಕ. ವರ್ಷ ತಪ್ಪದೆ ಕಟ್ಟಡ ತೆರಿಗೆ ಕಟ್ಟುತ್ತೇನೆ. ಕಳೆದ ಬೇಸಿಗೆಯಲ್ಲಿ ಮುಳಿಹುಲ್ಲಿನ ಗುಡ್ಡೆಗೆ ಹಿಡಿದ ಬೆಂಕಿ ನಮ್ಮ ಗೇರುತೋಟಕ್ಕೆ ಇಳಿಯಿತು. ಫಯರ್ ಇಂಜಿನ್ ಬಂತು, ಆದರೆ ಕೆಳಗಿನ ರಸ್ತೆಯಲ್ಲೇ ನಿಂತಿತು. ಪಂಚಾಯತು ಸ್ವಂತಕ್ಕೊಂದು ಸಣ್ಣ ವಾಹನ ಯಾಕೆ ತೆಗೆದುಕೊಳ್ಳಬಾರದು?

ಉತ್ತರ: ಗುಡ್ಡೆ ಒಣಗಿತೆಂದರೆ ಈ ಪ್ರಶ್ನೆ ಬರುತ್ತದೆ. ನನಗೆ ಸಿಟ್ಟು ನಿಮ್ಮ ಮೇಲಲ್ಲ. ‘ನೀವು ಕಟ್ಟುವ ತೆರಿಗೆಯಲ್ಲಿ ಫಯರ್ ಸ್ಟೇಷನಿನ ಪಾಲೂ ಇದೆ’ ಎಂದು ಮೈಕು ಹಿಡಿದು ಹೇಳುವವರ ಮೇಲೆ. ರಸೀದಿ ಬಿಡಿಸಿ ನೋಡಿ. ಕಟ್ಟಡ ತೆರಿಗೆ ಇದೆ, ಗ್ರಂಥಾಲಯ ಸೆಸ್ ಇದೆ. ಬೆಂಕಿಯ ಹೆಸರಿನಲ್ಲಿ ಏನಿದೆ?

ಕೇರಳದಲ್ಲಿ ಅಗ್ನಿಶಾಮಕ ದಳ ರಾಜ್ಯ ಸರಕಾರದ ಇಲಾಖೆ. ಕಾಸರಗೋಡಿನ ಸ್ಟೇಷನಾಗಲಿ ಉಪ್ಪಳದ್ದಾಗಲಿ, ಸಿಬ್ಬಂದಿಯ ಸಂಬಳ, ಡೀಸೆಲ್, ವಾಹನ ಎಲ್ಲವೂ ತಿರುವನಂತಪುರದ ಬಜೆಟಿನಿಂದ. ಮುಂಬಯಿಯ ನೆಂಟರು ‘ನಮ್ಮಲ್ಲಿ ಮಹಾನಗರಪಾಲಿಕೆಯೇ ನಡೆಸುತ್ತದೆ’ ಅನ್ನುವುದು ನಿಜ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಹೇಳಿದ 18 ವಿಷಯಗಳಲ್ಲಿ ಅಗ್ನಿಶಾಮಕ ಸೇವೆ 7ನೆಯದು. ಪಂಚಾಯತುಗಳಿಗೆ ಹೇಳಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಅದು ಇಲ್ಲವೇ ಇಲ್ಲ.

ಹಟ ಹಿಡಿದು ವಾಹನ ತೆಗೆದುಕೊಂಡಿರೆನ್ನಿ. ಹಗಲೂ ರಾತ್ರಿ ಪಾಳಿಯಲ್ಲಿ ಕೂರುವ ಚಾಲಕರು ಬೇಕು, ತರಬೇತಿ ಪಡೆದ ಜನ ಬೇಕು, ಅವರಿಗೆ ತಿಂಗಳು ತಿಂಗಳು ಸಂಬಳ ಬೇಕು. ವಾಹನ ಒಮ್ಮೆಯ ಖರ್ಚು, ಜನ ಪ್ರತಿ ತಿಂಗಳ ಖರ್ಚು. ಉದ್ಘಾಟನೆಯ ಫೋಟೋದಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ನಾನು ಗೆರೆ ಎಳೆದದ್ದು ‘ಕೆಳಗಿನ ರಸ್ತೆಯಲ್ಲೇ ನಿಂತಿತು’ ಎಂಬ ಮಾತಿಗೆ. ಆ ದಾರಿ ಸರಿಮಾಡುವುದು ಪಂಚಾಯತಿನದ್ದೇ ಕೆಲಸ. ನಮ್ಮ ಕಡೆಯ ರಸ್ತೆ ಗೊತ್ತಲ್ಲ: ತಿರುವಿನಲ್ಲಿ ಒಂದು ಬದಿಗೆ ಮುರಕಲ್ಲಿನ ಪಾಗಾರ, ಇನ್ನೊಂದು ಬದಿಗೆ ವಿದ್ಯುತ್ ಕಂಬ, ನಡುವೆ ಜೀಪು ಹೋಗುವಷ್ಟೇ ಜಾಗ. ಆ ಕಂಬವನ್ನು ನಾಲ್ಕು ಅಡಿ ಸರಿಸಿದರೆ ಸಿಗುವ ಉಪಕಾರ ಹೊಸ ವಾಹನದಿಂದ ಸಿಗದು.

ಎರಡನೆಯದು ನೀರು. ಟ್ಯಾಂಕಿನಲ್ಲಿ 4,500 ಲೀಟರ್ ಇದ್ದು, ಒಂದೇ ಪೈಪಿನಲ್ಲಿ ನಿಮಿಷಕ್ಕೆ 450 ಲೀಟರ್ ಬಿಟ್ಟರೂ 10 ನಿಮಿಷಕ್ಕೆ ಖಾಲಿ. ಮತ್ತೆ ಎಲ್ಲಿಂದ ತುಂಬಿಸುವುದು? ‘ಬಾವಿ ಉಂಟಲ್ಲ’ ಅನ್ನಬೇಡಿ. ನೀರು ಸುಮಾರು 7 ಮೀಟರಿಗಿಂತ ಕೆಳಗಿದ್ದರೆ ಮೇಲೆ ನಿಂತ ವಾಹನದ ಪಂಪು ಅದನ್ನು ಎಳೆಯುವುದಿಲ್ಲ. ಮಾರ್ಚಿನಲ್ಲಿ ನಮ್ಮ ಬಾವಿಗಳ ನೀರು ಎಲ್ಲಿರುತ್ತದೆ, ನಿಮಗೇ ಗೊತ್ತು. ಬೇಸಿಗೆಯಲ್ಲೂ ನೀರು ನಿಲ್ಲುವ ಮದಕವೋ ಕೆರೆಯೋ ಇದ್ದರೆ ಅದರ ಹೂಳು ತೆಗೆಯಿರಿ, ಭಾರದ ವಾಹನ ದಡಕ್ಕೆ ತಾಗಿ ನಿಲ್ಲುವಂತೆ ಕಾಂಕ್ರೀಟ್ ಕಟ್ಟೆ ಮಾಡಿಸಿ.

ಇದಕ್ಕೆ ದುಡ್ಡು ಕೇಳಬೇಕಾದ್ದು ವಾರ್ಷಿಕ ಯೋಜನೆಯಲ್ಲಿ. ಹೊಸ ಕಾಮಗಾರಿಗೆ ಅಭಿವೃದ್ಧಿ ನಿಧಿ. ಇರುವ ರಸ್ತೆಗೆ, ಕಟ್ಟಡಕ್ಕೆ ನಿರ್ವಹಣಾ ನಿಧಿ. ಗ್ರಾಮಸಭೆಯಲ್ಲಿ ‘ಫಯರ್ ಸ್ಟೇಷನ್ ಕೊಡಿ’ ಎಂದು ಕೂಗಿದರೆ ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ, ಮುಂದಕ್ಕೆ ಹೋಗುವುದಿಲ್ಲ. ‘ಇಂಥ ತಿರುವು, ಇಂಥ ಮದಕ, ಇಷ್ಟು ಮೀಟರ್’ ಎಂದು ಬರೆದು ಕೊಡಿ. ಅದಕ್ಕೂ ಮೊದಲು ಸ್ಟೇಷನಿನ ಅಧಿಕಾರಿಯನ್ನು ಕರೆತಂದು ಜಾಗ ತೋರಿಸಿ. ಅವರ ವಾಹನ ತಿರುಗದ ಕಡೆ ಕಟ್ಟೆ ಕಟ್ಟಿದರೆ ಬಟ್ಟೆ ಒಗೆಯಲು ಮಾತ್ರ ಆದೀತು.

ಪ್ರಶ್ನೆ: ಬೆಂಕಿ ಆರಿಸಲು ಬಂದರೆ ಬಿಲ್ ಕೊಡುತ್ತಾರೆಯೇ?

ಉತ್ತರ: ಇಲ್ಲ. ಈ ಹೆದರಿಕೆಯಿಂದ 101ಕ್ಕೆ ಕರೆ ಮಾಡಲು ತಡಮಾಡಬೇಡಿ.

ಪ್ರಶ್ನೆ: ಅಗ್ನಿಶಾಮಕ ಸೇವೆಗೆಂದು ಕೇಂದ್ರ ಇಟ್ಟ 5,000 ಕೋಟಿಯಲ್ಲಿ ನಮ್ಮ ಪಂಚಾಯತಿಗೆಷ್ಟು?

ಉತ್ತರ: ನೇರವಾಗಿ ಏನೂ ಇಲ್ಲ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಹೇಳಿದ ಆ ಮೊತ್ತ ಇಡೀ ದೇಶದ ರಾಜ್ಯಗಳಿಗೆ, ಕೇರಳದಂಥ ರಾಜ್ಯ ತಾನೂ ಪಾಲು ಹಾಕಬೇಕಿತ್ತು.

ಪ್ರಶ್ನೆ: ಶಾಸಕರು ಕೊಡಿಸಿದ ಫಯರ್ ಇಂಜಿನ್ ಅವರ ಸ್ವಂತ ದುಡ್ಡಿನದ್ದೇ?

ಉತ್ತರ: ಅಲ್ಲ. ಶಾಸಕರ ನಿಧಿಯೂ ಸರಕಾರದ ಖಜಾನೆಯದ್ದೇ.

ಪ್ರಶ್ನೆ: ಅಂಗಡಿಗೆ ಬಂದ ಏಜೆಂಟ್ ಬೆಂಕಿ ಆರಿಸುವ ಸಿಲಿಂಡರಿಗೆ ಹೊಸ ಸ್ಟಿಕ್ಕರ್ ಹಚ್ಚಿ ‘ಫಯರ್ ಎನ್‌ಒಸಿಯೂ ಆಯಿತು’ ಎಂದ. ಸಾಕೇ?

ಉತ್ತರ: ಅವನನ್ನು ಇನ್ನೊಮ್ಮೆ ಒಳಗೆ ಬಿಡಬೇಡಿ. ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ಕೊಡುವುದು ಅಗ್ನಿಶಾಮಕ ಇಲಾಖೆ. ಸಿಲಿಂಡರಿನ ತಲೆಯಲ್ಲಿ ಒತ್ತಡ ತೋರಿಸುವ ಮುಳ್ಳಿದ್ದರೆ ಅದು ಹಸಿರಿನಲ್ಲಿದೆಯೇ ಎಂದು ಇವತ್ತೇ ನೋಡಿ.