ಮಗ ಜೋಡಿಸಿಕೊಟ್ಟ ಪರದೆ

ಓದುಗರ ಪತ್ರ:

ಸಂಪಾದಕರೇ, ರಜೆಯಲ್ಲಿ ಊರಿಗೆ ಬಂದಿದ್ದ ಮಗ ನನ್ನ ಹೊಸ ಫೋನನ್ನು ಓರಣ ಮಾಡಿಕೊಟ್ಟು ಹೋದ. ಫೈನಾನ್ಸ್, ಟ್ರಾವೆಲ್, ಸೋಶಿಯಲ್, ಟೂಲ್ಸ್ ಅಂತ ಇಂಗ್ಲಿಷ್ ಹೆಸರಿನ ಫೋಲ್ಡರ್‌ಗಳು. ನೋಡಲಿಕ್ಕೆ ಬಹಳ ಚೆಂದ. ಆದರೆ ಕರೆಂಟ್ ಬಿಲ್ಲಿನ ಆಪ್ ಟೂಲ್ಸ್‌ನಲ್ಲೋ ಫೈನಾನ್ಸ್‌ನಲ್ಲೋ ಎಂದು ನಾನು ಪ್ರತಿ ಸಲವೂ ಹುಡುಕಬೇಕು. ನನ್ನ ಹೆಂಡತಿಯ ಫೋನಿನಲ್ಲಿ ನಾಲ್ಕೈದು ಪುಟ ತುಂಬ ಆಪ್‌ಗಳು ಚೆಲ್ಲಾಪಿಲ್ಲಿ ಬಿದ್ದಿವೆ. ಅವಳಿಗೆ ಬೇಕಾದ್ದು ಕ್ಷಣದಲ್ಲಿ ಸಿಗುತ್ತದೆ. ಯಾರ ಕ್ರಮ ಸರಿ? ಫೋನಿನ ಭಾಷೆಯನ್ನು ಕನ್ನಡ ಮಾಡೋಣವೆಂದರೆ ‘ಬೇಡ ಅಪ್ಪ, ಆಮೇಲೆ ದೂರದಿಂದ ಹೇಳಿಕೊಡುವುದು ಕಷ್ಟ’ ಎನ್ನುತ್ತಾನೆ ಮಗ. ನಿಮ್ಮ ಫೋನಿನಲ್ಲಿ ಯಾವ ಯಾವ ಆಪ್ ಇಟ್ಟುಕೊಂಡಿದ್ದೀರಿ, ಹೇಗೆ?
— ನಿವೃತ್ತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು (ಕೇರಳ)

ಸಂಪಾದಕರ ಉತ್ತರ:

ಮೊದಲು ತೀರ್ಪು, ಆಮೇಲೆ ವಿಚಾರಣೆ. ನಿಮ್ಮ ಮನೆಯವರದೇ ಸರಿ, ಮಾಷ್ಟ್ರೇ.

ಮಗನನ್ನು ಬೈಯುವುದು ನನ್ನ ಉದ್ದೇಶವಲ್ಲ. ಅಪ್ಪನ ಫೋನು ಅಚ್ಚುಕಟ್ಟಾಗಿರಲಿ ಎಂದು ಕೂತು ಜೋಡಿಸುವ ಮಕ್ಕಳು ಎಷ್ಟಿದ್ದಾರೆ? ನೂರಾರು ಆಪ್ ತುಂಬಿಸಿಕೊಂಡವರಿಗೆ ಫೋಲ್ಡರ್ ಬೇಕು, ಒಪ್ಪಿದೆ. 2007ರಲ್ಲಿ ಐಫೋನ್ ಬಂದಾಗ ಈ ತಲೆನೋವೇ ಇರಲಿಲ್ಲ, ಕಂಪೆನಿ ಕೊಟ್ಟದ್ದಷ್ಟೇ ಪರದೆಯ ಮೇಲೆ. ಮರುವರ್ಷ ಜುಲೈಯಲ್ಲಿ ಆಪ್ ಸ್ಟೋರ್ ತೆರೆಯಿತು, ಐನೂರು ಆಪ್‌ಗಳೊಂದಿಗೆ. ಎರಡೇ ವರ್ಷಕ್ಕೆ ಜನರ ಪರದೆ ಪುಟಗಟ್ಟಲೆ ಬೆಳೆದು, 2010ರಲ್ಲಿ ಅವರೇ ಫೋಲ್ಡರ್ ಕೊಡಬೇಕಾಯಿತು. 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ನೀವೇನೂ ಜೋಡಿಸಬೇಡಿ, ನಾವೇ ವಿಂಗಡಿಸಿ ಕೊಡುತ್ತೇವೆ’ ಎಂದು ಆಪ್ ಲೈಬ್ರರಿ ತಂದರು. ನನ್ನ ತಕರಾರು ಶುರುವಾಗುವುದು ಈ ‘ನಾವೇ’ ಎಂಬಲ್ಲಿ.

1983ರಲ್ಲಿ ಥಾಮಸ್ ಮಲೋನ್ ಎಂಬ ಸಂಶೋಧಕರು ಕಚೇರಿಗಳಲ್ಲಿ ಜನ ತಮ್ಮ ಮೇಜನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ವಿಚಾರಿಸಿ ಬರೆದರು. ಕೆಲವರು ಎಲ್ಲವನ್ನೂ ಹೆಸರು ಬರೆದ ಫೈಲಿನಲ್ಲಿ ಇಡುವವರು, ಕೆಲವರು ಅಟ್ಟಿ ಹಾಕುವವರು. ಅಟ್ಟಿಯವರನ್ನು ಸೋಮಾರಿಗಳೆಂದು ಅವರು ತಳ್ಳಿಹಾಕಲಿಲ್ಲ. ಕಣ್ಣೆದುರು ಬಿದ್ದಿರುವ ಕಾಗದ ‘ನನ್ನ ಕೆಲಸ ಬಾಕಿ ಇದೆ’ ಎಂದು ನೆನಪಿಸುತ್ತಿರುತ್ತದೆ, ಕಪಾಟಿನ ಒಳಗೆ ಹೋದದ್ದು ಮನಸ್ಸಿನಿಂದಲೂ ಹೋಗುತ್ತದೆ ಎಂದರು. ಇನ್ನೊಂದು ಮಾತು ನಮ್ಮ ಕಚೇರಿಯ ಮೇಜು ನೋಡಿದವರಿಗೆ ಗೊತ್ತೇ ಇದೆ: ಎಷ್ಟೋ ಸಂಗತಿಗಳಿಗೆ ಯಾವ ಹೆಸರಿನ ಫೈಲೂ ಹೊಂದುವುದಿಲ್ಲ. ನಿಮ್ಮ ಕರೆಂಟ್ ಬಿಲ್ಲಿನ ಆಪ್ ದುಡ್ಡಿನದೋ ಮನೆಯದೋ? ಎರಡೂ ಹೌದು. ಹಾಗಿರುವಾಗ ಮಗ ಅದನ್ನು ಎಲ್ಲಿಟ್ಟ ಎಂಬುದು ಮಗನ ತಲೆಯಲ್ಲಿದೆ, ಮಗ ಇರುವುದು ಬೇರೆ ಊರಿನಲ್ಲಿ.

ನಮ್ಮ ಪತ್ರಿಕೆ ಅಚ್ಚುಮೊಳೆಯಲ್ಲಿ ಬರುತ್ತಿದ್ದ ಕಾಲವನ್ನು ಕಂಡ ಓದುಗರು ಈಗಲೂ ಕೆಲವರಿದ್ದಾರೆ. ಮೊಳೆ ಜೋಡಿಸುವವರ ಎದುರು ಓರೆಯಾಗಿ ನಿಲ್ಲಿಸಿದ ಮರದ ಪೆಟ್ಟಿಗೆ, ಅದರ ತುಂಬ ಸಣ್ಣ ದೊಡ್ಡ ಖಾನೆಗಳು. ಇಂಗ್ಲಿಷಿನ ಪೆಟ್ಟಿಗೆಯಲ್ಲಿ ‘ಇ’ ಅಕ್ಷರಕ್ಕೆ ಎಲ್ಲಕ್ಕಿಂತ ದೊಡ್ಡ ಖಾನೆ, ಅದೂ ಕೈಗೆ ಹತ್ತಿರದಲ್ಲಿ. ಹೆಚ್ಚು ಬೇಕಾಗುವುದು ಅದೇ ತಾನೇ! ಕನ್ನಡದ ಪೆಟ್ಟಿಗೆಗಂತೂ ಗುಣಿತ, ಒತ್ತು ಎಲ್ಲ ಸೇರಿ ಖಾನೆಗಳಿಗೆ ಲೆಕ್ಕವಿರಲಿಲ್ಲ. ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತಲ್ಲ, ಸಾವಿರಕ್ಕೂ ಮಿಕ್ಕಿದ ಪುಟ, ಕನ್ನಡ ಇಂಗ್ಲಿಷ್ ಎರಡೂ ಅಕ್ಷರ. ಆ ಮೊಳೆಗಳನ್ನೆಲ್ಲ ಹೆಕ್ಕಿದ ಬೆರಳುಗಳನ್ನು ನೆನೆದರೆ ನನಗೆ ಈಗಲೂ ಭಕ್ತಿ ಬರುತ್ತದೆ. ನಮ್ಮ ಪ್ರೆಸ್ಸಿನ ಹಿರಿಯ ಕಂಪೋಸಿಟರ್ ಹಸ್ತಪ್ರತಿಯನ್ನು ನೋಡುತ್ತಿದ್ದರೇ ಹೊರತು ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ. ಹೊಸದಾಗಿ ಸೇರಿದ ಉತ್ಸಾಹಿ ಹುಡುಗನೊಬ್ಬ ಅವರು ರಜೆ ಹಾಕಿದ ದಿನ ಕೆಲವು ಸಾಲಿನ ಮೊಳೆಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟ. ವ್ಯಾಕರಣದ ಪ್ರಕಾರ ಅವನದು ನಿರ್ದೋಷವಾದ ಕೆಲಸ. ಮರುದಿನ ಅಜ್ಜನ ಕೈ ಹೋದಲ್ಲೆಲ್ಲ ತಪ್ಪು ಅಕ್ಷರ. ಆ ವಾರದ ಸಂಚಿಕೆ ತಡವಾಯಿತು, ಹುಡುಗನಿಗೆ ಸಿಕ್ಕಿದ ತುಳು ಬೈಗುಳಗಳನ್ನು ಮಾತ್ರ ಅಚ್ಚು ಹಾಕಲಾಗುವುದಿಲ್ಲ.

ನಿಮ್ಮ ಮನೆಯವರ ಪರದೆ ಆ ಅಜ್ಜನ ಪೆಟ್ಟಿಗೆ. ಅದು ಚೆಲ್ಲಾಪಿಲ್ಲಿ ಎಂದು ತೋರುವುದು ನಿಮಗೆ. ಮೊದಲು ಹಾಕಿದ್ದು ಮೊದಲು, ದಿನಾ ಬೇಕಾದದ್ದು ಹೆಬ್ಬೆರಳಿಗೆ ಸಿಗುವ ಕೆಳಸಾಲಿನಲ್ಲಿ, ಹಿನ್ನೆಲೆ ಚಿತ್ರದ ಮೊಮ್ಮಗುವಿನ ಮುಖ ಮುಚ್ಚುವ ಜಾಗದಲ್ಲಿ ಯಾವ ಆಪೂ ಇಲ್ಲ. ಹೀಗೇ ಇರಬೇಕೆಂದು ಬಾಜಿ ಕಟ್ಟುತ್ತೇನೆ. ಗುರಿ ದೂರವಾದಷ್ಟೂ ಸಣ್ಣದಾದಷ್ಟೂ ಕೈಗೆ ಹೊತ್ತು ಹಿಡಿಯುತ್ತದೆ ಎಂದು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರ ಸೂತ್ರ ಓದದೆಯೇ ಹೆಂಗಸರು ಅದನ್ನು ಪಾಲಿಸುತ್ತಾರೆ. ನೀವು ಮೂವತ್ತು ಚಿಲ್ಲರೆ ವರ್ಷ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದವರು, ಆದ್ದರಿಂದ ಓರಣವೆಂದರೆ ಸಾಲು ಎಂದೇ ನಿಮ್ಮ ನಂಬಿಕೆ.

ಇನ್ನು ನನ್ನ ಫೋನು. ಒಂದೇ ಪುಟ, ಫೋಲ್ಡರ್ ಇಲ್ಲ. ಪುಟದಲ್ಲಿ ಹಿಡಿಸದ್ದು ಫೋನಿನಲ್ಲೂ ಬೇಡ ಎಂಬುದು ನನ್ನ ನಿಯಮ, ಮುಕ್ಕಾಲು ಪಾಲು ಪಾಲಿಸುತ್ತೇನೆ. ಕೆಳಸಾಲಿನಲ್ಲಿ ಕರೆ, ವಾಟ್ಸಾಪ್, ಕ್ಯಾಮರಾ, ಆಕಾಶವಾಣಿಯ ನ್ಯೂಸ್ ಆನ್ ಏರ್. ಮಂಗಳೂರು ನಿಲಯ ಕೇಳಲು ಏರಿಯಲ್ಲು ತಿರುಗಿಸುತ್ತಿದ್ದ ಕಷ್ಟ ಅದರಿಂದ ತಪ್ಪಿತು. ಅದರ ಮೇಲೆ ದಾಮಿನಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಸುತ್ತಮುತ್ತ ಎಲ್ಲಿ ಸಿಡಿಲು ಬಡಿಯುತ್ತಿದೆ ಎಂದು ತೋರಿಸುತ್ತದೆ. ತುಲಾ ತಿಂಗಳ ಸಂಜೆಗಳಲ್ಲಿ ಅಡಿಕೆ ತೋಟದಲ್ಲಿರುವವರ ಫೋನಿನಲ್ಲಿ ಬೇರೇನು ಇಲ್ಲದಿದ್ದರೂ ಇದಿರಲಿ. ಅಡಿಕೆ ಧಾರಣೆಗೆ ನಾನು ಆಪ್ ಇಟ್ಟುಕೊಂಡಿಲ್ಲ. ಹೊಸತೆಷ್ಟು, ಹಳತೆಷ್ಟು ಎಂಬುದು ವಾಟ್ಸಾಪ್ ಬಳಗದಲ್ಲಿ ಕಾಫಿ ಆರುವ ಮೊದಲೇ ಬಂದು ಬೀಳುತ್ತದೆ, ಜೊತೆಗೆ ಯಾರೂ ಕೇಳದ ಸುಪ್ರಭಾತ.

ಆಮೇಲೆ ಅಕ್ಕಪಕ್ಕ ಎರಡು ಕೆಎಸ್‌ಆರ್‌ಟಿಸಿ! ಕರ್ನಾಟಕದ್ದೊಂದು, ಕೇರಳದ್ದೊಂದು. ಆ ಹೆಸರು ಯಾರದೆಂದು ಎರಡು ಸರ್ಕಾರಗಳು ಕಾದಾಡಿದವು. 2021ರಲ್ಲಿ ಟ್ರೇಡ್‌ಮಾರ್ಕ್ ಕೇರಳಕ್ಕೆ ಎಂದು ಸುದ್ದಿಯಾಯಿತು, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ನಮಗೇನು, ಕಾಸರಗೋಡಿನಿಂದ ಮಂಗಳೂರಿಗೆ ಎರಡೂ ಬಸ್ಸು ಓಡುತ್ತವೆ, ಮೊದಲು ಬಂದದ್ದನ್ನು ಹತ್ತುತ್ತೇವೆ. ಬೆಂಗಳೂರಿನವರಿಗೋ ತಿರುವನಂತಪುರದವರಿಗೋ ಈ ಎರಡು ಆಪ್ ಒಂದೇ ಪರದೆಯಲ್ಲಿ ಯಾಕೆ ಎಂದು ಅರ್ಥವೇ ಆಗುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ತಲಪಾಡಿಯ ಗಡಿ ದಾಟಬೇಕಾದವರಿಗೆ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ. ಆ ಕಡೆಗೆ ಹೋಗಲು ಕರ್ನಾಟಕದ ಸೇವಾಸಿಂಧುವಿನಲ್ಲಿ, ಈ ಕಡೆಗೆ ಬರಲು ಕೇರಳದ ಕೋವಿಡ್ ಜಾಗ್ರತಾದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಮಾವನ ಮನೆ ಒಂದು ರಾಜ್ಯ, ತವರು ಇನ್ನೊಂದು ರಾಜ್ಯವಾದವರು ಎರಡೂ ಸರ್ಕಾರಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು.

ಪಂಚಾಂಗದ ಆಪ್ ಒಂದಿತ್ತು, ಅಳಿಸಿಬಿಟ್ಟೆ. ಕನ್ನಡದ್ದೇ, ಅಕ್ಷರವೂ ಚೆಂದ. ಆದರೆ ಯುಗಾದಿಗೆ ಹೊಸ ವರ್ಷದ ಶುಭಾಶಯ ಕೋರಿದ್ದು ಬಿಟ್ಟರೆ ನಮ್ಮ ಹೊಸ ವರ್ಷವಾದ ಬಿಸು ಬಂದದ್ದೂ ಹೋದದ್ದೂ ಅದಕ್ಕೆ ತಿಳಿಯಲಿಲ್ಲ. ಪಗ್ಗು, ಬೇಶ, ಕಾರ್ತೆಲ್, ಆಟಿ ಎಂಬ ತುಳು ತಿಂಗಳುಗಳು ಅದರಲ್ಲಿಲ್ಲ. ಸೂರ್ಯೋದಯ ಬೆಂಗಳೂರಿನದು. ನಾವು ಅಲ್ಲಿಂದ ಸುಮಾರು ಎರಡೂವರೆ ಡಿಗ್ರಿ ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಹತ್ತು ನಿಮಿಷ ತಡ. ರಾಹುಕಾಲ ನಂಬುವವರು ಆ ಆಪ್ ನೋಡಿದರೆ ರಾಹುವಿಗೂ ಗೊಂದಲ.

ಈಗ ನಿಮ್ಮ ಪತ್ರದ ಕೊನೆಯ ಪ್ರಶ್ನೆ. ನೀವು ಅದನ್ನು ಬಾಲಕ್ಕೆ ಕಟ್ಟಿದ್ದೀರಿ, ನನಗೆ ಅದೇ ತಲೆ. ಜೀವಮಾನವಿಡೀ ಕನ್ನಡ ಮಾಧ್ಯಮದಲ್ಲಿ ಕಲಿಸಿದವರು ಫೋನನ್ನು ಕನ್ನಡಕ್ಕೆ ತಿರುಗಿಸಲು ಮಗನ ಅಪ್ಪಣೆ ಕೇಳುವುದೇ? ಆಂಡ್ರಾಯ್ಡಿನಲ್ಲಿ ಕನ್ನಡ 2014ರಿಂದ ಇದೆ, ಐದನೆಯ ಆವೃತ್ತಿಯಿಂದ. ಅದೇ ಆವೃತ್ತಿಯಲ್ಲಿ ಮಲಯಾಳಂ, ತಮಿಳು, ತೆಲುಗು, ಮರಾಠಿಯೂ ಬಂದವು. ಅಂದರೆ ಫೋನಿನೊಳಗೆ ನಮಗೂ ನೆರೆಯವರಿಗೂ ಒಂದೇ ದಿನ ಬಾಗಿಲು ತೆರೆಯಿತು. ಅವರು ಒಳಗೆ ಹೋದರು, ನಾವು ಹೊಸ್ತಿಲಲ್ಲಿ ನಿಂತು ‘ಇಂಗ್ಲಿಷೇ ಸುಲಭ’ ಎನ್ನುತ್ತಿದ್ದೇವೆ. ದೂರದಿಂದ ಹೇಳಿಕೊಡುವುದು ಕಷ್ಟವಂತೆ! ಭಾಷೆ ಬದಲಾದರೆ ಚಿಹ್ನೆ ಬದಲಾಗುವುದಿಲ್ಲ, ಜಾಗ ಬದಲಾಗುವುದಿಲ್ಲ. ‘ಕೆಳಗಿನ ಸಾಲು, ಎಡದಿಂದ ಎರಡನೆಯದು’ ಎಂದರೆ ಆಯಿತು. ಅಷ್ಟೂ ಆಗದಿದ್ದರೆ ಪರದೆಯ ಚಿತ್ರ ತೆಗೆದು ಮಗನಿಗೆ ಕಳಿಸಿ. 2022ರ ಆಂಡ್ರಾಯ್ಡ್ 13ರಿಂದ ಒಂದೊಂದು ಆಪಿಗೆ ಒಂದೊಂದು ಭಾಷೆ ಇಡುವ ಅನುಕೂಲವೂ ಇದೆ. ಬ್ಯಾಂಕಿನದು ಇಂಗ್ಲಿಷಿನಲ್ಲಿರಲಿ, ಮಗನ ಮನಸ್ಸೂ ಉಳಿಯಲಿ. ಅಂಗಡಿಯಲ್ಲಿ ಮಲಯಾಳ, ತೋಟದಲ್ಲಿ ತುಳು, ತರಗತಿಯಲ್ಲಿ ಕನ್ನಡ ಮಾತಾಡಿದ ನಿಮಗೆ ಇದು ಹೊಸ ವಿದ್ಯೆಯೇನಲ್ಲ.

ಟೈಪ್ ಮಾಡುವುದು ಕಷ್ಟ ಎಂದು ಮುಂದಿನ ಪತ್ರದಲ್ಲಿ ಬರೆಯಬೇಡಿ. ಕನ್ನಡಕ್ಕೆ ಇಪ್ಪತ್ತಾರೇ ಕೀಲಿಗಳಲ್ಲಿ ಸರಾಗ ವಿನ್ಯಾಸ ಕೂಡಿಸಿಕೊಟ್ಟ ಕೆ.ಪಿ. ರಾವ್ ನಮ್ಮ ಪಕ್ಕದ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಸೇಡಿಯಾಪು, ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಕರ್ನಾಟಕ ಸರ್ಕಾರದ ‘ನುಡಿ’ ತಂತ್ರಾಂಶ ನಿಂತದ್ದೂ ಆ ವಿನ್ಯಾಸದ ಮೇಲೆಯೇ. ಇನ್ನೊಂದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ: ಫೋನಿನಲ್ಲಿ ನಾನು ಬಳಸುವ ಇಂಡಿಕ್ ಕೀಬೋರ್ಡ್ ಮಾಡಿದವರು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ. ಮುಕ್ತ ತಂತ್ರಾಂಶ, ಕಾಸಿಲ್ಲ, ಜಾಹೀರಾತಿಲ್ಲ, ಕನ್ನಡಕ್ಕೂ ಜಾಗ ಕೊಟ್ಟಿದ್ದಾರೆ. ಕೇರಳವೆಂದರೆ ಬರೀ ಸಚಿವಾಲಯದ ಸುತ್ತೋಲೆಯಲ್ಲ ಎಂದು ನನ್ನ ಗೆಳೆಯರಿಗೆ ನಾನು ಹೇಳುವಾಗ ಈ ಉದಾಹರಣೆ ಕೊಡುತ್ತೇನೆ.

ಸುತ್ತೋಲೆಯ ಕತೆ ಬೇರೆ. ಈಚೆಗೆ ಒಂದು ದಾಖಲೆಗಾಗಿ ಕೇರಳ ಸರ್ಕಾರದ ಆಪ್ ಒಂದನ್ನು ತೆರೆದೆ. ಭಾಷೆ ಆರಿಸಿ ಎಂದಿತು: ಮಲಯಾಳಂ, ಇಂಗ್ಲಿಷ್. ಕಚೇರಿಗೆ ಹೋಗಿ ಕೇಳಿದರೆ ಅಲ್ಲಿದ್ದವರು ಬಹಳ ವಿನಯದಿಂದಲೇ ‘ಇಂಗ್ಲಿಷ್ ಇದೆಯಲ್ಲ ಸಾರ್’ ಎಂದರು. ನಮ್ಮನ್ನು ಯಾವ ಫೋಲ್ಡರಿಗೆ ಹಾಕಬೇಕೆಂದು ಯಾರೋ ದೂರದಲ್ಲಿ ಕೂತು ತೀರ್ಮಾನಿಸಿದರು, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ವಿವಾದ ವಿಚಾರಿಸಿದ ಮಹಾಜನ್ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ವರದಿ ಕಪಾಟು ಸೇರಿತು. ಇರಲಿ, ಅದನ್ನೆತ್ತಿದರೆ ‘ಮತ್ತೆ ಶುರು ಮಾಡಿದಿರಾ’ ಎಂದು ನೀವೇ ಬರೆಯುತ್ತೀರಿ. ಆದರೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೆಯ ವಿಧಿ. ಕೌಂಟರಿನಲ್ಲಿ ಕನ್ನಡದ ಅರ್ಜಿ ಹಿಡಿದು ಗಂಟಲು ಹರಿಯುವಷ್ಟು ವಾದಿಸಬಹುದಿತ್ತು. ಕೌಂಟರೇ ಫೋನಿನೊಳಗೆ ಹೋದ ಮೇಲೆ ಯಾರ ಹತ್ತಿರ ವಾದಿಸುವುದು? ಎರಡು ಆಯ್ಕೆ ಇರುವ ಪಟ್ಟಿಯ ಎದುರು ವಿಧಿ ಓದಿ ಹೇಳಿದರೆ ಅದು ಕೇಳುವುದಿಲ್ಲ.

ಕೇರಳದ ಮೇಲೆ ಮಾತ್ರ ಸಿಟ್ಟು ಎಂದು ತಿಳಿಯಬೇಡಿ. ಕನ್ನಡದ ಪ್ರಬಂಧ ಸ್ಪರ್ಧೆಗೆಂದು ನಮ್ಮ ಕಚೇರಿಯ ಹುಡುಗಿ ಬೆಂಗಳೂರಿನವರ ಆಪ್ ಒಂದರಲ್ಲಿ ಹೆಸರು ನೋಂದಾಯಿಸಲು ಕೂತಳು. ಎಲ್ಲ ಕನ್ನಡದಲ್ಲೇ ಇತ್ತು, ಕಣ್ಣಿಗೆ ಹಬ್ಬ. ನಿಮ್ಮ ಜಿಲ್ಲೆ ಆರಿಸಿ ಎಂಬಲ್ಲಿಗೆ ಬಂದಾಗ ಕರ್ನಾಟಕದ ಜಿಲ್ಲೆಗಳೆಲ್ಲ ಇದ್ದವು, ಕಾಸರಗೋಡಿಲ್ಲ. ಆರಿಸದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಅವಳು ಕೊನೆಗೆ ದಕ್ಷಿಣ ಕನ್ನಡ ಒತ್ತಿದಳು. ಮಂಜೇಶ್ವರದ ಗೋವಿಂದ ಪೈಗಳು ನಮ್ಮ ರಾಷ್ಟ್ರಕವಿ ಎಂದು ಭಾಷಣ ಮಾಡುವ ಜನವೇ ಈ ಪಟ್ಟಿಯನ್ನೂ ಮಾಡಿದ್ದು. ಆ ಕಡೆಯ ಆಪಿನಲ್ಲಿ ನಮ್ಮ ಊರಿಲ್ಲ, ಈ ಕಡೆಯ ಆಪಿನಲ್ಲಿ ನಮ್ಮ ಭಾಷೆಯಿಲ್ಲ. ಹೀಗಿರುವಾಗ ನಮ್ಮ ಕೈಯಲ್ಲಿ ಉಳಿದಿರುವ ಆ ಒಂದು ಪುಟವನ್ನೂ ಬೇರೆಯವರು ಜೋಡಿಸಿಕೊಡಲಿ ಎಂದು ಬಿಡುವುದು ನನ್ನಿಂದಾಗದು.

ಆದ್ದರಿಂದ ಇವತ್ತು ಸಂಜೆ ಹೀಗೆ ಮಾಡಿ. ಸೆಟ್ಟಿಂಗಿನ ಭಾಷಾ ಪಟ್ಟಿಗೆ ಕನ್ನಡ ಸೇರಿಸಿ ಮೇಲಕ್ಕೆ ಎಳೆಯಿರಿ, ಇಂಗ್ಲಿಷ್ ಕೆಳಗಿರಲಿ. ಫೋಲ್ಡರ್‌ಗಳನ್ನು ಬಿಚ್ಚಿ, ವಾರಕ್ಕೊಮ್ಮೆಯೂ ಮುಟ್ಟದ್ದನ್ನು ಪರದೆಯಿಂದ ತೆಗೆಯಿರಿ. ಆಪ್ ಅಳಿಯುವುದಿಲ್ಲ, ಹೆದರಬೇಡಿ, ಪೂರ್ತಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಖಾಲಿ ಜಾಗದಲ್ಲಿ ಬೆರಳು ಒತ್ತಿ ಹಿಡಿದರೆ ಹೋಮ್ ಸ್ಕ್ರೀನ್ ಸೆಟ್ಟಿಂಗ್ ಬರುತ್ತದೆ. ಹೊಸ ಆಪ್ ತಾನಾಗಿ ಪರದೆಗೆ ಬಂದು ಕೂರದಂತೆ ತಡೆಯುವುದು ಅಲ್ಲಿದೆ, ಜೋಡಣೆಗೆ ಬೀಗ ಹಾಕುವುದೂ ಹೆಚ್ಚಿನ ಫೋನುಗಳಲ್ಲಿ ಅಲ್ಲೇ. ಮೊಮ್ಮಕ್ಕಳಿರುವ ಮನೆಯಲ್ಲಿ ಬೀಗ ಕಡ್ಡಾಯ. ಆಪ್‌ಗಳನ್ನು ಎಲ್ಲೆಲ್ಲಿ ಇಡುವುದೆಂದು ತೋಚದಿದ್ದರೆ ಮನೆಯವರನ್ನು ಕೇಳಿ, ನನ್ನನ್ನಲ್ಲ.

ಇದೆಲ್ಲ ಮುಗಿದ ಮೇಲೆ ಪ್ಲೇ ಸ್ಟೋರಿಗೆ ಹೋಗಿ. ಪ್ರತಿ ಆಪಿನ ಕೆಳಗೆ ಬಳಕೆದಾರರು ಅಭಿಪ್ರಾಯ ಬರೆಯುವ ಜಾಗವಿದೆ. ಜಿಲ್ಲೆಯ ಪಟ್ಟಿಯಲ್ಲಿ ಕಾಸರಗೋಡು ಸೇರಿಸಿ ಎಂದು ಒಂದಕ್ಕೆ, ಭಾಷೆಯ ಪಟ್ಟಿಯಲ್ಲಿ ಕನ್ನಡ ಸೇರಿಸಿ ಎಂದು ಇನ್ನೊಂದಕ್ಕೆ, ಕನ್ನಡ ಅಕ್ಷರದಲ್ಲೇ ಬರೆಯಿರಿ. ಹಳೆಯ ವಿದ್ಯಾರ್ಥಿಗಳಿಗೂ ಹೇಳಿ, ಕಾಗುಣಿತ ನೀವೇ ತಿದ್ದಿ. ನಕ್ಷತ್ರ ಎಷ್ಟು ಕೊಡಬೇಕೆಂಬುದು ನಿಮಗೆ ಬಿಟ್ಟದ್ದು. ನಾನು ಎರಡಕ್ಕೂ ಎರಡೆರಡು ಕೊಟ್ಟಿದ್ದೇನೆ.