ಓದುಗರ ಪ್ರಶ್ನೆ: ಕೈಯಲ್ಲೇ ಮಾಡಿದ ಲೂರ್‌ಗೆ ಯಾವ ಕ್ಲಿಯರ್ ಕೋಟ್ ಒಳ್ಳೆಯದು?

ಪ್ರಶ್ನೆ: ಮರದಲ್ಲಿ ಕೆತ್ತಿ, ಅಕ್ರಿಲಿಕ್ ಬಣ್ಣ ಹಚ್ಚಿ ಲೂರ್ (ಮೀನನ್ನು ಸೆಳೆದು ಹಿಡಿಯುವ ನಕಲಿ ಮೀನು) ಮಾಡುತ್ತೇನೆ. ಬಣ್ಣ ಕಾಪಾಡುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಆಗಿ, ಮೇಲೆ ಮರಗೆಲಸದ ವಾರ್ನಿಷ್ ಮೂರು ಕೋಟ್ ಬಳಿದಿದ್ದೆ. ನಾಲ್ಕೈದು ಸಲ ನೀರಿಗೆ ಹಾಕಿದ ಮೇಲೆ ಕೊಕ್ಕೆ ಸಿಕ್ಕಿಸುವ ಬಳೆಯ ಬುಡದಲ್ಲಿ ಬಿರುಕು ಬಿಟ್ಟಿತು, ಆಮೇಲೆ ಬಣ್ಣದ ಸಮೇತ ಸಿಪ್ಪೆ ಏಳತೊಡಗಿತು. ಇದಕ್ಕಿಂತ ಗಟ್ಟಿಯಾದದ್ದು ಯಾವುದು?

ಉತ್ತರ: ಗಟ್ಟಿಯಾದದ್ದು ಇದೆ, ಹೇಳುತ್ತೇನೆ. ಆದರೆ ಬಿರುಕು ಎಲ್ಲಿ ಶುರುವಾಯಿತು ಅಂತ ನೀವೇ ಬರೆದಿದ್ದೀರಿ, ಅದನ್ನು ಮೊದಲು ನೋಡೋಣ. ಬಳೆಯ ಬುಡದಲ್ಲಿ, ಅಲ್ವಾ? ಸ್ಕ್ರೂ ತಿರುಗಿಸಿದ ತೂತಿನಿಂದ ನೀರು ಒಳಗೆ ಹೋಗಿದೆ. ನೀರು ಕುಡಿದ ಮರ ಉಬ್ಬುತ್ತದೆ. ಮೇಲಿನ ಪದರ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಸೀಳುತ್ತದೆ, ಸೀಳಿದ ಕಡೆಯಿಂದ ಇನ್ನಷ್ಟು ನೀರು ಒಳಗೆ ಹೋಗುತ್ತದೆ. ನೀವು ಮೂರರ ಬದಲು ಆರು ಕೋಟ್ ಹಾಕಿದ್ದರೂ ಇದೇ ಆಗುತ್ತಿತ್ತು. ನನ್ನ ಮೊದಲ ಲೂರ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೀಗೇ ಹಾಳಾದವು, ನಾನು ಪ್ರತಿಸಲವೂ ವಾರ್ನಿಷ್ ಡಬ್ಬವನ್ನೇ ಬದಲಾಯಿಸುತ್ತಿದ್ದೆ.

ಹಾಗಾಗಿ ಕೆಲಸ ಬಣ್ಣಕ್ಕಿಂತ ಮುಂಚೆಯೇ ಶುರುವಾಗಬೇಕು. ಸ್ಕ್ರೂ ತೂತುಗಳನ್ನು, ತೂಕದ ಸೀಸ ಕೂರಿಸುವ ಗುಂಡಿಯನ್ನು, ಬಾಯಿಯ ಮುಂದೆ ಚಾಚುವ ಸಣ್ಣ ಹಲಗೆ ಸಿಕ್ಕಿಸುವ ಸೀಳನ್ನು ಎಲ್ಲಾ ಮೊದಲೇ ಮಾಡಿಕೊಳ್ಳಿ. ಆಮೇಲೆ ಬರಿಯ ಮರಕ್ಕೆ ತೆಳು ಎಪಾಕ್ಸಿಯನ್ನೋ (ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ಹಚ್ಚುವ ಅಂಟು) ನೀರಿನಷ್ಟು ತೆಳುವಾದ ಸೂಪರ್ ಗ್ಲೂವನ್ನೋ ಕುಡಿಸಿ, ತೂತಿನ ಒಳಗೂ ತಪ್ಪದೆ ಹಚ್ಚಿ. ಒಣಗಿದ ಮೇಲೆ ಮರದ ನಾರು ಎದ್ದು ನಿಂತಿರುತ್ತದೆ. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಇನ್ನೊಂದು ಸಲ ಹಚ್ಚಿ. ಬಣ್ಣ, ಕ್ಲಿಯರ್ ಎಲ್ಲಾ ಮುಗಿದ ಮೇಲೆ ಸ್ಕ್ರೂ ಬಳೆಯನ್ನು ಎಪಾಕ್ಸಿಯಲ್ಲಿ ಅದ್ದಿ ತಿರುಗಿಸಿ ಕೂರಿಸಿ. ಕೊಕ್ಕೆಯ ಮೊನೆ ಲೂರ್‌ನ ಹೊಟ್ಟೆಗೆ ಉಜ್ಜಿ ಉಜ್ಜಿ ಕ್ಲಿಯರ್ ಪದರದಲ್ಲಿ ಗೀರು ಮಾಡುವುದು ಹೇಗೂ ತಪ್ಪುವುದಿಲ್ಲ. ಕೆಳಗೆ ಮರ ಮುಚ್ಚಿದ್ದರೆ ಆ ಗೀರಿನಿಂದ ಹೋಗುವುದು ಬಣ್ಣ ಮಾತ್ರ, ಲೂರ್ ಉಳಿಯುತ್ತದೆ.

ಇನ್ನು ಯಾವ ಕ್ಲಿಯರ್ ಅನ್ನುವ ಮಾತು. ಮನೆಯಲ್ಲಿ ನಾಲ್ಕಾರು ಲೂರ್ ಮಾಡುವವರಿಗೆ ನನ್ನ ಓಟು ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಗೆ, ಅಂದರೆ ಡೆವ್‌ಕಾನ್ 2 ಟನ್, ಎನ್ವಿರೋಟೆಕ್ಸ್ ಲೈಟ್ ತರಹದವು. ಒಂದೇ ಕೋಟ್‌ನಲ್ಲಿ ವಾರ್ನಿಷ್‌ನ ಐದಾರು ಕೋಟ್‌ನಷ್ಟು ದಪ್ಪ ಬರುತ್ತದೆ. ಇದರಲ್ಲಿ ದ್ರಾವಕ ಬೆರೆಸಿರುವುದಿಲ್ಲ, ಹಾಗಾಗಿ ಕೆಳಗಿನ ಅಕ್ರಿಲಿಕ್ ಬಣ್ಣ ಕದಡುವುದು ಅಪರೂಪ. ಕಲ್ಲಿಗೆ ಬಡಿದರೂ, ಹಲ್ಲಿನ ಮೀನು ಕಚ್ಚಿದರೂ ಬೇಗ ಬಿಟ್ಟುಕೊಡುವುದಿಲ್ಲ. ಐದು ನಿಮಿಷದ ಎಪಾಕ್ಸಿ ಮಾತ್ರ ಇದಕ್ಕೆ ಬೇಡ. ಕುಂಚ ಎಳೆದು ಮುಗಿಸುವಷ್ಟರಲ್ಲೇ ಗಂಟು ಕಟ್ಟುತ್ತದೆ, ಬೇಗ ಹಳದಿಗೂ ತಿರುಗುತ್ತದೆ. ಹಳದಿ ವಿಷಯ ಬಂತು ಅಂತ ಹೇಳುತ್ತಿದ್ದೇನೆ: ಬಿಸಿಲಿಗೆ ಎಲ್ಲಾ ಎಪಾಕ್ಸಿಯೂ ಒಂದಿಷ್ಟು ಹಳದಿ ಆಗೇ ಆಗುತ್ತದೆ. ಬಿಳಿ ಹೊಟ್ಟೆಯ ಲೂರ್‌ನಲ್ಲಿ ಅದು ಕಾಣಿಸುತ್ತದೆ. ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ಅಂಶ ಸೇರಿಸಿದ್ದನ್ನು ಕೊಂಡರೆ ನಿಧಾನವಾಗುತ್ತದೆ, ಅಷ್ಟೆ.

ಹಚ್ಚಿದ ಮೇಲೆ ಲೂರನ್ನು ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಎಲ್ಲಾ ಹೊಟ್ಟೆಗೆ ಇಳಿದು ಹನಿಯಾಗಿ ನಿಲ್ಲುತ್ತದೆ. ನಿಮಿಷಕ್ಕೆ ಐದಾರು ಸುತ್ತು ತಿರುಗುವ ಸಣ್ಣ ಮೋಟಾರ್ ಸಾಕು. ಮೋಟಾರ್ ಇಲ್ಲದಿದ್ದರೆ ಕೈಯಲ್ಲೇ, ಜರುಗುವುದು ನಿಲ್ಲುವ ತನಕ.

ಪ್ರಶ್ನೆ: ಎಪಾಕ್ಸಿ ಹಚ್ಚಿ ಮೂರು ದಿನ ಆಯಿತು, ಇನ್ನೂ ಅಂಟು ಅಂಟಾಗಿದೆ. ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಸರಿಸಮ ತೂಗಿಯೇ ಬೆರೆಸಿದ್ದೆ. ಏನು ತಪ್ಪಾಯಿತು?

ಉತ್ತರ: ತೂಗಿದ್ದೇ ತಪ್ಪಾಗಿರಬೇಕು. ಡಬ್ಬದ ಮೇಲೆ ಒಂದಕ್ಕೊಂದು ಅಂತ ಬರೆದಿರುವುದು ಸಾಮಾನ್ಯವಾಗಿ ಮಿಲಿಲೀಟರ್ ಅಳತೆಯ ಲೆಕ್ಕ, ತೂಕದ್ದಲ್ಲ. ಹಾರ್ಡನರ್ ರೆಸಿನ್‌ಗಿಂತ ಹಗುರ. ಒಂದೇ ತೂಕ ಹಾಕಿದರೆ ಹಾರ್ಡನರ್ ಜಾಸ್ತಿ ಬೀಳುತ್ತದೆ, ಬೆಸೆಯಲು ಜೊತೆ ಸಿಗದೆ ಉಳಿದದ್ದು ಅಂಟಾಗಿಯೇ ಇರುತ್ತದೆ. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಸುರಿಯುವವರಿಗೂ ಇದೇ ಗತಿ, ಪೇಂಟಿಗೆ ಥಿನ್ನರ್ ಬೆರೆಸಿದ ಹಾಗಲ್ಲ ಇದು. ಎರಡು ಸಿರಿಂಜ್ ಇಟ್ಟುಕೊಳ್ಳಿ, ಒಂದೊಂದಕ್ಕೆ ಒಂದೊಂದು, ಯಾವತ್ತೂ ಅದಲುಬದಲು ಮಾಡಬೇಡಿ. ಎರಡು ಮೂರು ನಿಮಿಷ ನಿಧಾನವಾಗಿ ಕಲಸಿ, ಕಪ್ಪಿನ ಗೋಡೆ ಮತ್ತು ತಳ ಕೆರೆದು ಕೆರೆದು. ಜೋರಾಗಿ ಕಲಸಿದರೆ ಗುಳ್ಳೆ ಜಾಸ್ತಿ.

ಚಳಿಯಲ್ಲಿ ಮಾಡಿದ್ದರೆ ಅದೂ ಒಂದು ಕಾರಣ. ಕೋಣೆ 20 ಡಿಗ್ರಿಗಿಂತ ತಣ್ಣಗಿದ್ದರೆ ತುಂಬಾ ನಿಧಾನ, ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟು ನೋಡಿ. ಬೆರಳಿಗೆ ಸ್ವಲ್ಪ ಜಿಗುಟು ಅನ್ನಿಸಿದರೆ ಸರಿಯಾಗಿ ಅಳೆದು ಬೆರೆಸಿದ ಇನ್ನೊಂದು ತೆಳು ಕೋಟ್ ಹಚ್ಚಿ, ಬಹಳ ಸಲ ಅದು ಉಳಿಸಿಕೊಡುತ್ತದೆ. ಉಗುರು ಒಳಗೆ ಇಳಿಯುವಷ್ಟು ಮೆತ್ತಗಿದ್ದರೆ ಕೆರೆದು ತೆಗೆಯುವುದೇ ದಾರಿ, ಬಣ್ಣವೂ ಹೋಗುತ್ತದೆ, ಬೇಜಾರೇ. ಇನ್ನೊಂದು ಮಾತು, ಕ್ಲಿಯರ್ ಹಚ್ಚುವ ಮುಂಚೆ ಬಣ್ಣವನ್ನು ಬರಿ ಬೆರಳಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ಇದ್ದ ಕಡೆ ಎಪಾಕ್ಸಿ ಹಿಂದೆ ಸರಿದು ಸಣ್ಣ ಸಣ್ಣ ಕುಳಿ ಬೀಳುತ್ತದೆ.

ಪ್ರಶ್ನೆ: ಯುವಿ ರೆಸಿನ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತದಂತೆ. ಕಾರಿಗೆ ಹೊಡೆಯುವ ಕ್ಲಿಯರ್ ಇನ್ನೂ ಗಟ್ಟಿಯಂತೆ. ಎರಡರಲ್ಲಿ ಯಾವುದು?

ಉತ್ತರ: ಯುವಿ ರೆಸಿನ್ ಒಳ್ಳೆಯದೇ. ಬೆಳಕು ಬೀಳುವ ತನಕ ಗಟ್ಟಿಯಾಗುವುದಿಲ್ಲ, ಆರಾಮಾಗಿ ಸಮ ಮಾಡಿಕೊಳ್ಳಬಹುದು, ಕಿಟಕಿಯ ಬಿಸಿಲಿನಿಂದ ಮಾತ್ರ ದೂರ ಇರಿ. ತೆಳುವಾಗಿ ಹಚ್ಚಿ, ಎಲ್ಲಾ ಮಗ್ಗುಲಿಗೂ ಯುವಿ ದೀಪ ಹಿಡಿಯಿರಿ. ಕೆಲವದರ ಮೇಲ್ಮೈ ಗಾಳಿಯ ಆಮ್ಲಜನಕದಿಂದಾಗಿ ಜಿಗುಟಾಗಿಯೇ ಉಳಿಯುತ್ತದೆ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸರಿ.

ಹಾರ್ಡನರ್ ಬೆರೆಸುವ ಕಾರಿನ ಕ್ಲಿಯರ್ ನಿಜಕ್ಕೂ ಗಟ್ಟಿ, ಹಳದಿಯೂ ಆಗುವುದಿಲ್ಲ. ಆದರೆ ಮನೆಯಲ್ಲಿ ಅದನ್ನು ಸ್ಪ್ರೇ ಮಾಡಬೇಡಿ, ದಯವಿಟ್ಟು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಮಂಜಿನಂತೆ ಹಾರಿದ್ದನ್ನು ಉಸಿರಾಡಿದರೆ ಆಸ್ತಮಾ ಅಂಟಿಕೊಳ್ಳಬಹುದು, ಒಮ್ಮೆ ಮೈಗೆ ಆಗದೆ ಹೋದರೆ ಮುಂದೆ ಚೂರೇ ಚೂರು ತಾಗಿದರೂ ಆಗುವುದಿಲ್ಲ. ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ. ಎಪಾಕ್ಸಿ, ಯುವಿ ರೆಸಿನ್ ಹಚ್ಚುವಾಗಲೂ ನೈಟ್ರೈಲ್ ಕೈಗವಸು ಹಾಕಿ, ಇವೂ ಚರ್ಮಕ್ಕೆ ಅಲರ್ಜಿ ತರುತ್ತವೆ.

ಪ್ರಶ್ನೆ: ಲೂರ್ ಮೇಲೆ ಚೆನ್ನಾಗಿ ಒಣಗಿ ಗಟ್ಟಿಯಾಗಿದ್ದ ವಾರ್ನಿಷ್, ಲೂರ್‌ಗಳನ್ನು ಇಡುವ ಡಬ್ಬಿಯಲ್ಲಿ ಇಟ್ಟಲ್ಲೇ ಕರಗಿದೆ. ಹೇಗೆ?

ಉತ್ತರ: ಅದೇ ಖಾನೆಯಲ್ಲಿ ರಬ್ಬರ್‌ನಂಥ ಮೆತ್ತನೆ ಪ್ಲಾಸ್ಟಿಕ್‌ನ ನಕಲಿ ಹುಳುಗಳೂ ಇದ್ದವಾ? ಆ ಪ್ಲಾಸ್ಟಿಕ್ ಮೆತ್ತಗಿರಲು ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಜಿನುಗಿ, ತಾಗಿದ ವಾರ್ನಿಷನ್ನು ತಿನ್ನುತ್ತದೆ. ಎಪಾಕ್ಸಿ ಇದನ್ನು ಚೆನ್ನಾಗಿ ತಾಳುತ್ತದೆ, ಆದರೂ ನಾನು ಎರಡನ್ನೂ ಒಟ್ಟಿಗೆ ಇಡುವುದಿಲ್ಲ. ಕರಗಿದ ಪದರವನ್ನು ಪೂರ್ತಿ ತೆಗೆದು, ಎಣ್ಣೆ ಉಳಿಯದ ಹಾಗೆ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದಾಗಿ ಹಚ್ಚಿ. ಹಾಗೇ ಮೇಲೆ ಹಚ್ಚಿದರೆ ಅದೂ ಹಿಡಿಯುವುದಿಲ್ಲ.