ಮೀಟಿಂಗ್‌ಗೆ ಮುಂಚೆ ಮಾತಾಡಿದ್ರಾ? ಜಪಾನಿ ಕಂಪನಿಯ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನ ಹತ್ತಿರ ಒಂದು ಜಪಾನಿ ಬಿಡಿಭಾಗಗಳ ಕಂಪನಿಯಲ್ಲಿ ಪ್ರೊಡಕ್ಷನ್ ಎಂಜಿನಿಯರ್ ಆಗಿದ್ದೇನೆ. ಒಂದು ವೆಲ್ಡಿಂಗ್ ಫಿಕ್ಸ್ಚರ್ (ಬೆಸುಗೆ ಹಾಕುವಾಗ ಭಾಗ ಅಲುಗಾಡದಂತೆ ಹಿಡಿಯುವ ಸಾಧನ) ಬದಲಾಯಿಸಿದರೆ ರಿವರ್ಕ್, ಅಂದರೆ ಮತ್ತೆ ಸರಿಮಾಡುವ ಕೆಲಸ, ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕಿ, ಸ್ಲೈಡ್ ಮಾಡಿ, ತಿಂಗಳ ಮೀಟಿಂಗ್‌ನಲ್ಲಿ ತೋರಿಸಿದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಸರಿ ಅಂತಲೂ ಅನ್ನಲಿಲ್ಲ. ಜಪಾನಿ ಅಡ್ವೈಸರ್ ‘ಯೋಚನೆ ಮಾಡೋಣ’ ಅಂದರು. ತಿಂಗಳುಗಳೇ ಕಳೆದವು, ಸುದ್ದಿ ಇಲ್ಲ. ನನ್ನ ಐಡಿಯಾ ಸರಿಯಿಲ್ಲವಾ, ಅಥವಾ ಇಲ್ಲಿ ನಮ್ಮ ಮಾತಿಗೆ ಬೆಲೆಯೇ ಇಲ್ಲವಾ?

ಉತ್ತರ: ಎರಡೂ ಇರಲಿಕ್ಕಿಲ್ಲ. ನೀವು ಮಾತು ಶುರು ಮಾಡಿದ ಜಾಗವೇ ಎಡವಟ್ಟು. ನಾವು ಮೀಟಿಂಗ್ ಅಂದರೆ ವಾದ ಮಾಡಿ ತೀರ್ಮಾನಕ್ಕೆ ಬರುವ ಜಾಗ ಅಂದುಕೊಂಡಿರುತ್ತೇವೆ. ಹಳೆಯ ಜಪಾನಿ ತಯಾರಿಕಾ ಕಂಪನಿಗಳಲ್ಲಿ ತೀರ್ಮಾನ ಮೊದಲೇ ಆಗಿರುತ್ತದೆ, ಮೀಟಿಂಗ್‌ನಲ್ಲಿ ಅದನ್ನು ಎಲ್ಲರ ಎದುರು ಗಟ್ಟಿ ಮಾಡಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ನಿಶ್ಚಿತಾರ್ಥದ ದಿನ ಕೂತು ಹುಡುಗನ ಕೆಲಸ ಏನು, ಊರು ಯಾವುದು ಅಂತ ವಿಚಾರಿಸುವುದಿಲ್ಲ ಅಲ್ವಾ? ಹಾಗೆಯೇ ಇದು. ಏಕಾಏಕಿ ಹೊಸ ವಿಷಯ ಎತ್ತಿದರೆ, ಪಕ್ಕದ ಡಿಪಾರ್ಟ್‌ಮೆಂಟ್‌ನವರು ಏನು ಅಂದುಕೊಂಡಿದ್ದಾರೋ ಗೊತ್ತಿಲ್ಲದೆ ಯಾರೂ ಬಾಯಿ ಬಿಡುವುದಿಲ್ಲ.

ಮೀಟಿಂಗ್‌ಗೆ ಮುಂಚಿನ ಈ ಓಡಾಟಕ್ಕೆ ಅವರು ನೆಮವಾಶಿ ಅಂತಾರೆ. ನಿಮ್ಮ ವಿಷಯದಲ್ಲಿ ಅದು ಹೀಗಿರಬೇಕಿತ್ತು. ಮೊದಲು ಮೇಂಟೆನೆನ್ಸ್‌ನವರ ಹತ್ತಿರ ಹೋಗಿ, ಹಳೆಯ ಫಿಕ್ಸ್ಚರ್ ಬಿಚ್ಚಲು ಲೈನ್ ಎಷ್ಟು ಹೊತ್ತು ನಿಲ್ಲಬೇಕು, ಯಾವ ಶಿಫ್ಟ್‌ನಲ್ಲಿ ಮಾಡಬಹುದು ಅಂತ ಕೇಳಿ. ಆಮೇಲೆ ಕ್ವಾಲಿಟಿ. ಇದು 4ಎಂ ಚೇಂಜ್ (ಮ್ಯಾನ್, ಮಷೀನ್, ಮೆಟೀರಿಯಲ್, ಮೆಥಡ್ ಈ ನಾಲ್ಕರಲ್ಲಿ ಒಂದರ ಬದಲಾವಣೆ) ಆಗುತ್ತದಾ, ಕಸ್ಟಮರ್ ಒಪ್ಪಿಗೆ ಬೇಕಾ ಅನ್ನುವುದು ಅವರಿಗೇ ಗೊತ್ತು. ಆಮೇಲೆ ಪರ್ಚೇಸ್. ಲೈನ್ ಮೇಲೆ ಆ ಫಿಕ್ಸ್ಚರ್ ಹಿಡಿದು ಕೆಲಸ ಮಾಡುವ ಆಪರೇಟರ್‌ನನ್ನಂತೂ ಬಿಡಲೇಬೇಡಿ. ಒಬ್ಬೊಬ್ಬರೂ ಒಂದೊಂದು ತಕರಾರು ತೆಗೆಯುತ್ತಾರೆ. ಬರೆದುಕೊಳ್ಳಿ, ಪ್ಲಾನ್ ತಿದ್ದಿ, ಮತ್ತೆ ಹೋಗಿ ತೋರಿಸಿ. ತಾನು ಹೇಳಿದ ಮಾತು ಕಾಗದದ ಮೇಲೆ ಬಂದಿದೆ ಅಂತ ನೋಡಿದ ಮನುಷ್ಯ ಮೀಟಿಂಗ್‌ನಲ್ಲಿ ನಿಮ್ಮ ಪರ ನಿಲ್ಲುತ್ತಾನೆ.

ಕೊನೆಗೆ ಅಡ್ವೈಸರ್ ಸೀಟಿನ ಹತ್ತಿರ ಹೋಗಿ. ಲ್ಯಾಪ್‌ಟಾಪ್ ಬೇಡ, ಒಂದೇ ಒಂದು ಎ3 ಹಾಳೆ ಸಾಕು. ಟೊಯೊಟಾದಲ್ಲಿ ಬೇರೂರಿದ ಪದ್ಧತಿ ಇದು, ಈಗ ಜಗತ್ತಿನ ಎಷ್ಟೋ ಕಾರ್ಖಾನೆಗಳಲ್ಲಿದೆ. 297 ಮಿ.ಮೀ. ಅಗಲ, 420 ಮಿ.ಮೀ. ಉದ್ದದ ಹಾಳೆಯನ್ನು ಅಡ್ಡ ಇಟ್ಟು, ಎಡಗಡೆ ಈಗಿನ ಪರಿಸ್ಥಿತಿ, ಎಲ್ಲಿಗೆ ತಲುಪಬೇಕು, ತೊಂದರೆಯ ಮೂಲ ಕಾರಣ. ಬಲಗಡೆ ಏನು ಮಾಡುತ್ತೇವೆ, ಯಾರು, ಯಾವಾಗ, ಆದಮೇಲೆ ಹೇಗೆ ಚೆಕ್ ಮಾಡುತ್ತೇವೆ. ಪೆನ್ಸಿಲ್‌ನಲ್ಲೇ ಬರೆದು ತನ್ನಿ. ಪೆನ್ಸಿಲ್‌ನಲ್ಲಿದ್ದರೆ ಎದುರಿನವರಿಗೆ ತಿದ್ದಲು ಧೈರ್ಯ ಬರುತ್ತದೆ. ಎಡಭಾಗ ಗಟ್ಟಿಯಾಗಿದ್ದರೆ ಬಲಭಾಗಕ್ಕೆ ಒಪ್ಪಿಗೆ ಸಿಗುವುದು ಕಷ್ಟವಲ್ಲ. ನಮ್ಮ ಹುಡುಗರು ಮಾಡುವುದು ಉಲ್ಟಾ. ಪರಿಹಾರಕ್ಕೆ ಇಪ್ಪತ್ತು ಸ್ಲೈಡ್, ಸಮಸ್ಯೆಗೆ ಎರಡು ಸಾಲು.

ಇಷ್ಟಾದ ಮೇಲೆ ದುಡ್ಡಿನ ಒಪ್ಪಿಗೆಗೆ ರಿಂಗಿ ಅನ್ನುವ ಫಾರಂ ಕೆಳಗಿನಿಂದ ಮೇಲಕ್ಕೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಚೌಕದಲ್ಲಿ ಸೀಲ್ ಒತ್ತುತ್ತಾರೆ, ಈಗೀಗ ಕಂಪ್ಯೂಟರ್‌ನಲ್ಲೇ. ತುಂಬಾ ನಿಧಾನ, ನಿಜ. ದೊಡ್ಡ ಮೊತ್ತವಾದರೆ ಕಾಗದ ಜಪಾನಿನ ಹೆಡ್ ಆಫೀಸಿಗೂ ಹೋಗುತ್ತದೆ. ಅವರು ನಮಗಿಂತ ಮೂರೂವರೆ ಗಂಟೆ ಮುಂದೆ. ನಾವು ಊಟ ಮುಗಿಸಿ ಬರುವ ಹೊತ್ತಿಗೆ ಅಲ್ಲಿ ಸಂಜೆ. ಇಷ್ಟೊಂದು ಸೀಲ್ ಬಿದ್ದರೆ ಕೊನೆಗೆ ಜವಾಬ್ದಾರಿ ಯಾರದ್ದು ಅನ್ನುವುದೂ ಮಸುಕಾಗುತ್ತದೆ. ಈ ಪದ್ಧತಿಯ ದೊಡ್ಡ ದೋಷ ಇದು ಅಂತಲೇ ನನ್ನ ಅಭಿಪ್ರಾಯ. ಆದರೆ ಒಮ್ಮೆ ಒಪ್ಪಿಗೆ ಸಿಕ್ಕಿತು ಅಂದರೆ ಕೆಲಸ ಸರಸರ ಸಾಗುತ್ತದೆ, ನಡುವೆ ಯಾರೂ ಬಂದು ಕಾಲು ಹಿಡಿದು ಎಳೆಯುವುದಿಲ್ಲ.

‘ಯೋಚನೆ ಮಾಡೋಣ’ ಅಂದ ಅಡ್ವೈಸರ್ ಹತ್ತಿರ ನಾಳೆಯೇ ಹೋಗಿ, ‘ಇದಕ್ಕೆ ಇನ್ನೂ ಯಾವ ಡೇಟಾ ಬೇಕು’ ಅಂತ ಕೇಳಿ. ಪ್ರಶ್ನೆ ಮೇಲೆ ಪ್ರಶ್ನೆ ಬಂದರೆ ಖುಷಿಪಡಿ, ವಿಷಯ ಇನ್ನೂ ಜೀವಂತ ಇದೆ. ಸುಮ್ನೆ ನಕ್ಕು ತಲೆಯಾಡಿಸಿದರೆ ಮಾತ್ರ ಚಿಂತೆ. ಇನ್ನೊಂದು ವಿಷಯ: ಜಪಾನಿನಿಂದ ಬರುವವರು ಕೆಲವೇ ವರ್ಷ ಇದ್ದು ಹೋಗುವವರು, ಅಲ್ಲಿ ವರ್ಗಾವಣೆ ಜಾಸ್ತಿ ಆಗುವುದು ಏಪ್ರಿಲ್‌ನಲ್ಲಿ. ಹೊಸಬರು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಬೇಗ ಹೋಗಿ.

ಪ್ರಶ್ನೆ: ಲೈನ್‌ನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ತೊಂದರೆ ಕಂಡರೆ ಲೈನ್ ನಿಲ್ಲಿಸಿ ಅಂತ ಟ್ರೈನಿಂಗ್‌ನಲ್ಲಿ ಹೇಳ್ತಾರೆ. ನಿಜವಾಗಿ ನಿಲ್ಲಿಸಿದರೆ ನಮ್ಮ ಸೂಪರ್‌ವೈಸರ್ ಎಲ್ಲರ ಎದುರು ಬೈತಾರೆ. ಯಾವುದನ್ನು ನಂಬಲಿ?

ಉತ್ತರ: ಟ್ರೈನಿಂಗ್‌ನಲ್ಲಿ ಹೇಳಿದ್ದನ್ನೇ ನಂಬಿ. ಅದು ಗೋಡೆಯ ಮೇಲಿನ ಘೋಷಣೆಯಲ್ಲ, ಟೊಯೊಟಾದ ಇಡೀ ಪದ್ಧತಿ ನಿಂತಿರುವುದೇ ಅದರ ಮೇಲೆ. ಟೊಯೊಟಾ ಸಮೂಹಕ್ಕೆ ಬುನಾದಿ ಹಾಕಿದ ಸಕಿಚಿ ಟೊಯೊಡಾ 1924ರಲ್ಲಿ ಮಾಡಿದ ಆಟೊಮ್ಯಾಟಿಕ್ ಮಗ್ಗ, ನೂಲು ಹರಿದರೆ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುತ್ತಾ ಹೋಗುವುದಕ್ಕಿಂತ ನಿಲ್ಲುವುದೇ ಲಾಭ ಅನ್ನುವ ಆ ಯೋಚನೆಯೇ ಮುಂದೆ ಕಾರಿನ ಲೈನಿಗೆ ಬಂತು. ಅಲ್ಲಿ ಕೆಲಸಗಾರನ ಕೈಗೆ ಸಿಗುವಂತೆ ಒಂದು ಹಗ್ಗ ಇರುತ್ತದೆ, ಕೆಲವು ಕಡೆ ಬಟನ್. ಎಳೆದ ಕೂಡಲೇ ಆಂಡಾನ್ ಬೋರ್ಡ್‌ನಲ್ಲಿ ಆ ಸ್ಟೇಷನ್ನಿನ ದೀಪ ಹತ್ತುತ್ತದೆ, ಒಂದು ಟ್ಯೂನ್ ಕೇಳಿಸುತ್ತದೆ, ಟೀಂ ಲೀಡರ್ ಓಡಿ ಬರುತ್ತಾರೆ. ಗಾಡಿ ನಿಗದಿಪಡಿಸಿದ ಗುರುತು ದಾಟುವುದರೊಳಗೆ ಸರಿಹೋದರೆ ಲೈನ್ ನಿಲ್ಲುವುದೇ ಇಲ್ಲ. ಆಗದಿದ್ದರೆ ಮಾತ್ರ ನಿಲ್ಲುತ್ತದೆ.

ಇದು ಜಪಾನೀಯರಿಗಷ್ಟೇ ಆಗುವ ಕೆಲಸ ಅನ್ನುವವರಿಗೆ ನಾನು ಯಾವಾಗಲೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕಥೆ ಹೇಳುತ್ತೇನೆ. ಜನರಲ್ ಮೋಟರ್ಸ್ ಅದನ್ನು 1982ರಲ್ಲಿ ಮುಚ್ಚಿತ್ತು. ಗೈರುಹಾಜರಿ, ಜಗಳ, ಕಳಪೆ ಗಾಡಿಗಳಿಗೆ ಅದು ಕುಖ್ಯಾತ. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ ಅನ್ನುವ ಹೆಸರಲ್ಲಿ ಮತ್ತೆ ತೆರೆದರು. ಕೆಲಸಗಾರರಲ್ಲಿ ಹೆಚ್ಚಿನವರು ಅದೇ ಹಳಬರು, ಯೂನಿಯನ್ ಕೂಡ ಅದೇ. ಸ್ವಲ್ಪ ಕಾಲದಲ್ಲೇ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಹತ್ತಿರ ಬಂತು. ಜನ ಅವರೇ, ಹಗ್ಗ ಎಳೆದವನ ಹತ್ತಿರ ಬರುವ ಲೀಡರ್ ಮಾತಾಡುವ ರೀತಿ ಬೇರೆಯಾಗಿತ್ತು. ‘ಯಾರು ಮಾಡಿದ್ದು’ ಅಂತ ಕೇಳದೆ ‘ಯಾಕೆ ಆಯ್ತು’ ಅಂತ ಕೇಳುವುದು. ಟೊಯೊಟಾದ ಎಂಜಿನಿಯರ್ ತೈಚಿ ಓನೊ ಹೇಳಿದಂತೆ ಐದು ಸಲ ಯಾಕೆ ಅಂತ ಕೇಳುವುದೂ ಇದಕ್ಕೇ.

ನಿಮ್ಮ ಸೂಪರ್‌ವೈಸರ್ ಹಗ್ಗ ತಂದಿದ್ದಾರೆ, ಆ ಮಾತನ್ನು ತಂದಿಲ್ಲ. ಅವರ ಮೇಲೂ ಪ್ರೊಡಕ್ಷನ್ ನಂಬರಿನ ಒತ್ತಡ ಇರುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ಎಲ್ಲರ ಎದುರು ಬೈದರೆ ಮುಂದಿನ ಸಲ ನೀವು ಕಂಡೂ ಕಾಣದ ಹಾಗೆ ಇರುತ್ತೀರಿ, ಕೆಟ್ಟ ಪೀಸ್ ಕಸ್ಟಮರ್ ಮನೆ ಸೇರುತ್ತದೆ. ಲೈನ್ ನಿಲ್ಲಿಸಿದಾಗ ಆ ಪೀಸ್ ಎತ್ತಿಡಿ, ಸಮಯ ಬರೆದಿಡಿ, ಅವರು ಕೇಳುವ ಮುಂಚೆ ನೀವೇ ಹೋಗಿ ತೋರಿಸಿ. ಪೀಸ್ ಕೈಯಲ್ಲಿದ್ದರೆ ಮಾತು ನಿಮ್ಮ ಮೇಲಿಂದ ಪೀಸ್ ಮೇಲೆ ಹೋಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ. ಜಪಾನಿ ಕಂಪನಿ ಸೇರಲು ಭಾಷೆ ಕಲಿಯಲೇಬೇಕಾ?

ಉತ್ತರ: ಕೆಲಸ ಸಿಗಲು ಬೇಡ, ಕಲಿತರೆ ಉಪಯೋಗ ಉಂಟು. ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತ, ಎನ್5 ಸುಲಭದ್ದು. ಮಷೀನ್ ಮುಂದೆ ನಿಂತು ಜಪಾನಿ ಎಂಜಿನಿಯರ್ ಜೊತೆ ಒಂದೆರಡು ಮಾತಾಡಲು ಎನ್4 ಮಟ್ಟ ಸಾಕು. ಇಂಟರ್‌ಪ್ರಿಟರ್ ಆಗುವ ಆಸೆಯಿದ್ದರೆ ಎನ್2 ಗುರಿ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಡ್ರಾಯಿಂಗ್ ಓದುವುದು, ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯುವುದು ಕಲಿಯಿರಿ. ಚಿತ್ರ, ಅಂಕಿ ಎರಡೂ ಕಡೆಯವರಿಗೂ ಅರ್ಥವಾಗುತ್ತವೆ.

ಪ್ರಶ್ನೆ: ಎಲ್ಲರೂ ಜಪಾನಿ ಮ್ಯಾನೇಜ್‌ಮೆಂಟ್ ಅಂತ ಹೊಗಳ್ತಾರೆ. ನಮ್ಮ ಸೆಕ್ಷನ್‌ನಲ್ಲಿ ತಿಂಗಳ ಕೊನೆಗೆ ನಂಬರ್ ಚೆನ್ನಾಗಿ ಕಾಣಲಿ ಅಂತ ರಿಜೆಕ್ಷನ್ ಮುಂದಿನ ತಿಂಗಳಿಗೆ ತಳ್ತಾರೆ. ಮೇಲಿನವರಿಗೂ ಗೊತ್ತು, ಯಾರೂ ಮಾತಾಡಲ್ಲ.

ಉತ್ತರ: ಬರೆದಿದ್ದು ಒಳ್ಳೆಯದಾಯಿತು. ಮೇಲಿನವರ ಮನಸ್ಸಿಗೆ ಎದುರಾಡಬಾರದು ಅನ್ನುವ ಅಭ್ಯಾಸ ಅತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಎಲೆಕ್ಟ್ರಾನಿಕ್ಸ್ ಕಂಪನಿ ತೋಶಿಬಾ ನೋಡಿ. ಅಲ್ಲಿ ಮೇಲಿನವರು ಮುಟ್ಟಲಾಗದ ಲಾಭದ ಗುರಿ ಕೊಟ್ಟು ‘ಚಾಲೆಂಜ್’ ಅಂತ ಕರೆಯುತ್ತಿದ್ದರು. ಕೆಳಗಿನವರು ಖರ್ಚನ್ನು ಮುಂದಕ್ಕೆ ತಳ್ಳಿ ಲಾಭ ತೋರಿಸಿದರು. ಸುಮಾರು ಏಳು ವರ್ಷದಲ್ಲಿ 15 ಸಾವಿರ ಕೋಟಿ ಯೆನ್‌ಗೂ ಹೆಚ್ಚು ಲಾಭ ಸುಳ್ಳೇ ಬರೆದಿದ್ದರು. 2015ರ ಜುಲೈನಲ್ಲಿ ಸ್ವತಂತ್ರ ಸಮಿತಿಯ ವರದಿ ಬಂತು, ಅಧ್ಯಕ್ಷ ಹಿಸಾವೊ ತನಾಕಾ ರಾಜೀನಾಮೆ ಕೊಟ್ಟರು. ಮೇಲಿನವರ ಇಚ್ಛೆಗೆ ಎದುರು ಹೇಳಲಾಗದ ವಾತಾವರಣ ಅಲ್ಲಿತ್ತು ಅಂತ ಆ ವರದಿಯೇ ಹೇಳಿತು. 2011ರಲ್ಲಿ ಕ್ಯಾಮೆರಾ ಕಂಪನಿ ಒಲಿಂಪಸ್‌ನಲ್ಲಿ ಹಳೆಯ ನಷ್ಟ ಮುಚ್ಚಿಟ್ಟಿದ್ದರ ಬಗ್ಗೆ ಪ್ರಶ್ನೆ ಕೇಳಿದ ಮೈಕಲ್ ವುಡ್‌ಫರ್ಡ್ ಅವರನ್ನು, ಅವರೇ ಕಂಪನಿಯ ಮುಖ್ಯಸ್ಥರಾಗಿದ್ದರೂ, ಬೋರ್ಡ್ ಕಿತ್ತುಹಾಕಿತು. ಎಲ್ಲರೂ ಒಪ್ಪಬೇಕು ಅನ್ನುವ ಪದ್ಧತಿಯಲ್ಲಿ ಎಲ್ಲರೂ ಸೇರಿ ಸುಮ್ಮನಿರುವುದೂ ಅಷ್ಟೇ ಸುಲಭ.

ನೀವು ಒಬ್ಬರೇ ಜಗಳಕ್ಕೆ ನಿಲ್ಲಬೇಡಿ, ಆದರೆ ಸುಳ್ಳು ಅಂತ ಗೊತ್ತಿರುವ ಶೀಟಿಗೆ ಸಹಿಯನ್ನೂ ಹಾಕಬೇಡಿ. ರಿಜೆಕ್ಷನ್ ಆದ ದಿನವೇ ಎಣಿಕೆ, ಲಾಟ್ ನಂಬರ್ ಬರೆದು ನಿಮ್ಮ ಮ್ಯಾನೇಜರ್‌ಗೆ ಮೇಲ್ ಮಾಡಿ. ಯಾರ ಮೇಲೂ ಆರೋಪ ಬೇಡ, ಅಂಕಿ ಮಾತ್ರ. ಅದಕ್ಕೂ ಏನೂ ಆಗದಿದ್ದರೆ ಮಾತೃಸಂಸ್ಥೆಯ ಹಾಟ್‌ಲೈನ್ ಇದೆಯಾ ನೋಡಿ. ಜಪಾನಿನಲ್ಲಿ 300ಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಂಪನಿ ಒಳಗಿನ ದೂರು ಕೇಳುವ ವ್ಯವಸ್ಥೆ ಇಟ್ಟಿರಲೇಬೇಕು ಅಂತ 2022ರ ಜೂನ್‌ನಿಂದ ಕಾನೂನು ಇದೆ. ಎಷ್ಟೋ ದೊಡ್ಡ ಕಂಪನಿಗಳು ಹೊರದೇಶದ ಘಟಕಗಳಿಗೂ ಅಂಥದ್ದೇ ವ್ಯವಸ್ಥೆ ಕೊಟ್ಟಿವೆ. ಅದರ ನಂಬರ್ ಕಂಪನಿಯ ಇಂಟ್ರಾನೆಟ್‌ನಲ್ಲಿ ಅಥವಾ ಸೇರುವಾಗ ಕೊಟ್ಟ ನಡತೆ ನಿಯಮದ ಪುಸ್ತಕದಲ್ಲಿ ಇರುತ್ತದೆ. ಹೆಸರು ಹೇಳದೆಯೂ ದೂರು ಕೊಡಬಹುದಾ ಅಂತ ಮೊದಲು ಓದಿಕೊಂಡು, ಆಮೇಲೆ ಕರೆ ಮಾಡಿ.